ವಿದ್ಯೆ, ಕಸುಬು ಮತ್ತು ತಾಲೀಮು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನರು ದಿನನಿತ್ಯ ಆಡುವ ಮೂರು ಪದಗಳನ್ನು ಗಮನಿಸಿರಿ: ತಾಲೀಮು, ವಸ್ತಾದ, ಕಸುಬು. ಅರಬಿಯಲ್ಲಿ ‘ತಅ್‌ಲೀಮ್’ ಎಂದರೆ ವಿದ್ಯೆ ಕಲಿಸುವುದು. ನಮ್ಮಲ್ಲಿ ಗರಡಿಯಲ್ಲಿ ಮೈ ಪಳಗಿಸುವುದು ತಾಲೀಮು. ಮದ್ರಸದಲ್ಲಿ ಕಲಿಸುವವರು ಉಸ್ತಾದ್; ಕುಸ್ತಿಯ ಪಟ್ಟು ಕಲಿಸುವವನು ವಸ್ತಾದ. ‘ಕಸ್ಬ್’ ಎಂದರೆ ಗಳಿಕೆ. ಮನುಷ್ಯನು ಗಳಿಸುವ ಒಳಿತು-ಕೆಡುಕುಗಳಿಗೂ ಪವಿತ್ರ ಕುರ್‌ಆನ್ ಇದೇ ಮೂಲದ ಪದವನ್ನು ಬಳಸಿದೆ. ಕನ್ನಡದಲ್ಲಿ ಅದು ಕೈಯ ಕಸುಬಾಯಿತು. ವಿದ್ಯೆ, ದೇಹ, ದುಡಿಮೆ ಈ ಮೂರನ್ನೂ ನಮ್ಮ ನಾಡಿನ ಮಾತು ಒಟ್ಟಿಗೇ ಇಟ್ಟುಕೊಂಡಿದೆ. ನಾವೇಕೆ ಅವುಗಳನ್ನು ಬೇರ್ಪಡಿಸುತ್ತಿದ್ದೇವೆ?

ನಮ್ಮ ಮನೆಗಳನ್ನೇ ನೋಡಿರಿ. ಒಬ್ಬ ಮಗನನ್ನು ಹಿಫ್ಝ್‌ಗೆ ಕಳುಹಿಸುತ್ತೇವೆ. ಅವನ ಕೈಗೆ ಪಾನಾ ಕೊಟ್ಟರೆ ಗೌರವ ಹೋಯಿತೆನ್ನುತ್ತೇವೆ. ಇನ್ನೊಬ್ಬನನ್ನು ಗ್ಯಾರೇಜಿಗೋ ಅಕ್ಕಿ ಗಿರಣಿಗೋ ಸೇರಿಸುತ್ತೇವೆ; ಅವನಿಗೂ ದೀನಿನ ಜ್ಞಾನ ಬೇಕೆಂಬುದನ್ನು ಮರೆಯುತ್ತೇವೆ. ಮೊದಲನೆಯವನು ನಾಳೆ ಜಮಾಅತ್‌ನ ಚಂದಾ ಹಣವನ್ನೇ ನಂಬಿ, ಸತ್ಯ ಹೇಳಬೇಕಾದಲ್ಲಿ ಸಿರಿವಂತರ ಮುಖ ನೋಡಬೇಕಾಗುತ್ತದೆ. ಎರಡನೆಯವನು ಕೈತುಂಬ ಗಳಿಸಿದರೂ ಹಲಾಲ್-ಹರಾಮ್ ಕೇಳಿ ತಿಳಿಯಲು ನಾಚುತ್ತಾನೆ.

“ಎರಡು ದೋಣಿಯಲ್ಲಿ ಕಾಲಿಟ್ಟರೆ ಹುಡುಗ ದಡ ಸೇರುವನೇ?” ಎಂದು ಹಿರಿಯರು ಕೇಳುವುದುಂಟು. ಈ ಆಕ್ಷೇಪ ಹಗುರವಾದುದಲ್ಲ. ಕಂಠಪಾಠಕ್ಕೆ ಏಕಾಗ್ರತೆ ಬೇಕೇ ಬೇಕು. ಆದರೆ ನಮ್ಮ ಇಮಾಮರ ಬದುಕು ಬೇರೆಯೇ ಸಾಕ್ಷಿ ನುಡಿಯುತ್ತದೆ. ಇಮಾಮ್ ಅಬೂ ಹನೀಫಾ(ರ) ರೇಷ್ಮೆ ಬಟ್ಟೆಯ ವ್ಯಾಪಾರಿ. ಅವರ ಶಿಷ್ಯ ಇಮಾಮ್ ಮುಹಮ್ಮದ್ ಅಶ್ಶೈಬಾನಿ(ರ) ಸಂಪಾದನೆಯ ಬಗ್ಗೆಯೇ ‘ಕಿತಾಬುಲ್ ಕಸ್ಬ್’ ಬರೆದರು. ಅಲ್ ಖಸ್ಸಾಫ್(ರ) ಪಾದರಕ್ಷೆ ಹೊಲಿಯುವವರು. ಅಲ್ ಕಫ್ಫಾಲ್ ಅಲ್ ಮರ್ವಝಿ(ರ) ಬೀಗ ಮಾಡುವವರು. ಅವರು ಫಿಕ್ಹ್ ಕಲಿಯತೊಡಗಿದ್ದೇ ಮೂವತ್ತರ ಹರೆಯದಲ್ಲಿ. ಗ್ಯಾರೇಜಿನ ಹುಡುಗನಿಗೆ ಬಾಗಿಲು ಮುಚ್ಚಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಆದರೆ ಹೊಟ್ಟೆಪಾಡು ಅರ್ಧ ಉತ್ತರ ಮಾತ್ರ. ಕಸುಬು ದೀನಿನ ಪಾಠಕ್ಕೆ ಸೇರಿಸುವ ಇನ್ನೊಂದು ವಿಷಯವಲ್ಲ. ಅದು ಆ ಪಾಠದ ಪರೀಕ್ಷೆ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಉಕ್ಕಿನ ಕವಚ ಮಾಡುವ ವಿದ್ಯೆ ಕಲಿಸಿದನು. ಅದರ ಕೊಂಡಿಗಳ ಅಳತೆ ಸರಿಯಾಗಿರಬೇಕೆಂಬ ಆದೇಶವೂ ಕುರ್‌ಆನ್‌ನಲ್ಲಿದೆ. ಪ್ರವಾದಿಯೂ ಅರಸರೂ ಆಗಿದ್ದವರಿಗೆ ಕೊಂಡಿಯ ಅಳತೆಯ ಮಾತೇಕೆ? ಯೋಚಿಸಿರಿ.

ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ ಮನೆತನಗಳು ನಮ್ಮ ಸೀಮೆಗೆ ಪರಿಚಿತ. ಗಿರಾಕಿಗೆ ಕಾಣುವುದು ಗಾದಿಯ ಮೇಲ್ಬಟ್ಟೆ ಮಾತ್ರ. ಒಳಗಿರುವುದು ಒಳ್ಳೆಯ ಹತ್ತಿಯೋ ಕಸವೋ ಹೊಲಿದವನಿಗೆ ಗೊತ್ತು; ಅವನನ್ನು ಕಾಣುತ್ತಿರುವ ಅಲ್ಲಾಹನಿಗೆ ಗೊತ್ತು. ‘ಇಹ್ಸಾನ್’ ಎಂಬ ಪದದ ಅರ್ಥವನ್ನು ಹುಡುಗನು ಕಿತಾಬಿನಲ್ಲಿ ಓದುತ್ತಾನೆ. ಅದನ್ನು ಅವನು ನಿಜವಾಗಿ ಕಲಿತನೇ ಎಂಬುದು ಆ ಹೊಲಿಗೆಯಲ್ಲಿ ತಿಳಿಯುತ್ತದೆ.

ದೇಹವೂ ಅಮಾನತ್ತೇ. ಬಲಶಾಲಿ ವಿಶ್ವಾಸಿಯು ದುರ್ಬಲನಿಗಿಂತ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿ(ಸ) ತಿಳಿಸಿದ್ದಾರೆ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುತ್ತದೆ. ಅದರ ಮಗ್ಗುಲಲ್ಲಿ ಬೆಳೆಯುವ ಮಗುವಿಗೆ ಈಜು ಬಾರದಿರುವುದು ಭಕ್ತಿಯ ಲಕ್ಷಣವಲ್ಲ. ಆದರೆ ವಿದ್ಯೆಯಿಲ್ಲದ ತೋಳು ಬೀದಿಯಲ್ಲಿ ಜಗಳವನ್ನೇ ಹುಡುಕುತ್ತದೆ. ತೋಳು ಎತ್ತುವುದನ್ನು ಕಲಿಸಿದವನೇ ಇಳಿಸುವುದನ್ನೂ ಕಲಿಸಬೇಕು.

ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡಬೇಡಿರಿ. ಪ್ರವಾದಿಪತ್ನಿ ಝೈನಬ್ ಬಿಂತ್ ಜಹ್ಶ್(ರ) ತಮ್ಮ ಕೈಯಿಂದ ದುಡಿದು ದಾನ ಮಾಡುತ್ತಿದ್ದರು. ಕೌದಿ ಹೊಲಿಯುವ ನಮ್ಮ ತಾಯಂದಿರ ಬೆರಳುಗಳಲ್ಲೂ ವಿದ್ಯೆಯಿದೆ.

ಒಂದು ಎಚ್ಚರಿಕೆಯೂ ಇರಲಿ. ತರಬೇತಿಯ ಹೆಸರಿನಲ್ಲಿ ಎಳೆಯರಿಂದ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ. ಕಲಿಯುವವನ ಲಾಭಕ್ಕೆ ನಡೆಯುವುದು ತಾಲೀಮು. ಕಲಿಸುವವನ ಲಾಭಕ್ಕೆ ನಡೆಯುವುದು ಜೀತ.

ಇದು ಹೊಸ ಯೋಚನೆಯೇನೂ ಅಲ್ಲ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣವೆಂಬ ವಿಚಾರ ಮುಂದಿಟ್ಟಾಗ, ಅದಕ್ಕೆ ಯೋಜನೆಯ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಜಾಮಿಯಾ ಮಿಲ್ಲಿಯಾದ ಡಾ. ಝಾಕಿರ್ ಹುಸೇನರು. ಆ ಶಿಕ್ಷಣದ ಹೆಸರೂ ‘ನಯೀ ತಾಲೀಮ್’. ನಮಗೆ ದೊಡ್ಡ ಕಟ್ಟಡವೂ ಬೇಡ. ಅಸರ್ ನಮಾಝಿನ ಬಳಿಕ ಒಂದು ಗಂಟೆ ಸಾಕು. ಮೋಟಾರು ಸುತ್ತಬಲ್ಲವರು, ಬಡಗಿಗಳು, ಯಲಬುರ್ಗಾದ ಖುಷ್ಕಿ ಹೊಲದಲ್ಲಿ ಮಳೆಯ ಹದ ಬಲ್ಲವರು ನಮ್ಮ ಸಫ್‌ಗಳಲ್ಲೇ ನಿಂತಿರುತ್ತಾರೆ. ಅವರಿಂದ ಮದ್ರಸದ ಮಕ್ಕಳು ಕಲಿಯಲಿ. ಅದೇ ಹೊತ್ತಿನಲ್ಲಿ ಗ್ಯಾರೇಜಿನ ಮಕ್ಕಳಿಗೆ ಉಸ್ತಾದರು ದೀನ್ ಕಲಿಸಲಿ.

ಬೇಡಲು ಬಂದ ಅನ್ಸಾರಿಯೊಬ್ಬರ ಕಂಬಳಿ ಮತ್ತು ನೀರಿನ ಪಾತ್ರೆಯನ್ನು ಪ್ರವಾದಿ(ಸ) ಎರಡು ದಿರ್ಹಮ್‌ಗೆ ಮಾರಿಸಿದರು. ಒಂದು ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ. ಆ ಕೊಡಲಿಗೆ ಕಾವು ಹಾಕಿಕೊಟ್ಟದ್ದು ಸ್ವತಃ ಪ್ರವಾದಿವರ್ಯ(ಸ)ರ ಕೈಗಳು. ಹದಿನೈದು ದಿನಗಳಲ್ಲಿ ಅವರು ಸೌದೆ ಮಾರಿ ಹತ್ತು ದಿರ್ಹಮ್ ಗಳಿಸಿ ಬಂದರು. ಉಪದೇಶಿಸಿ ಕಳುಹಿಸುವುದು ಸುಲಭ. ಮುಂದಿನ ಜುಮುಅದಂದು ಮಸೀದಿಯಿಂದ ಹೊರಬರುವಾಗ ನಿಮ್ಮ ಮೊಹಲ್ಲಾದ ಹುಡುಗರ ಕೈಗಳನ್ನೊಮ್ಮೆ ನೋಡಿರಿ. ಅವರಲ್ಲಿ ಯಾರ ಕೊಡಲಿಗೆ ನೀವು ಕಾವು ಹಾಕಬಲ್ಲಿರಿ?