ಪ್ರತಿಕೃತಿಯೂ ಭಾವವೂ

ಒಂದು ವಸ್ತುವನ್ನು ಹೋಲುವಂತೆ ರಚಿಸಿದ ಮತ್ತೊಂದು ವಸ್ತುವಿಗೆ ಪ್ರತಿಕೃತಿ ಎಂದು ಹೆಸರು. ಅದು ಮೂಲವನ್ನು ಹೆಚ್ಚು ಹೋಲಿದಷ್ಟೂ ಹೆಚ್ಚು ಸತ್ಯವೆಂಬುದು ಸಾಮಾನ್ಯರ ಗ್ರಹಿಕೆ. ಈ ಗ್ರಹಿಕೆಯನ್ನು ಪರೀಕ್ಷಿಸಲು ಒಂದು ಚಿಕ್ಕ ನಿದರ್ಶನ ಸಾಕು.

ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ತಂದೆ ಕೊಡಿಸಿದ ತಗಡಿನ ವಿಮಾನದೊಡನೆ ಆಡಿ ಬೆಳೆದ ಗೃಹಸ್ಥನೊಬ್ಬನು ನಿಪ್ಪಾಣಿಯಲ್ಲಿರುವನೆಂದು ಭಾವಿಸಬಹುದು. ಆ ಆಟಿಕೆ ಎಂದೋ ತುಕ್ಕು ಹಿಡಿದು ಹೋಯಿತು, ತಂದೆಯೂ ಈಗಿಲ್ಲ. ಆತನು ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಯುದ್ಧವಿಮಾನದ ಮಾದರಿಯೊಂದನ್ನು ತರಿಸುತ್ತಾನೆ. ಇಂತಹ ಮಾದರಿಗಳಲ್ಲಿ ಅಳತೆಯೇ ಧರ್ಮ. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1961ರಲ್ಲಿ ಮೊದಲ ಬಾರಿಗೆ ಹಾರಿದ, 1990ರಲ್ಲಿ ವಾಯುಪಡೆಯ ಸೇವೆಯಿಂದ ನಿವೃತ್ತವಾದ ಮಾರುತ್ ವಿಮಾನದ ಉದ್ದ ಸುಮಾರು 15.87 ಮೀಟರ್, 72ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಅದು ಸುಮಾರು 22 ಸೆಂಟಿಮೀಟರ್ ಆಗಬೇಕು. ಆದರೆ ಈತನು ರೆಕ್ಕೆಯ ಮೇಲಿನ ಸೂಕ್ಷ್ಮ ಗೆರೆಗಳನ್ನು ಪುಟ್ಟಿ ತುಂಬಿ ಮುಚ್ಚುತ್ತಾನೆ. ಪಾಲಿಶ್ ಕಾಗದದಿಂದ ಉಜ್ಜಿ ನುಣುಪಾಗಿಸುತ್ತಾನೆ. ಪಾರದರ್ಶಕ ಕಿಟಕಿಯ ಮೇಲೆ ನೀಲಿ ಬಣ್ಣ ಬಳಿಯುತ್ತಾನೆ. ಗಾಲಿಗಳನ್ನು ದಪ್ಪಗೊಳಿಸುತ್ತಾನೆ, ಕ್ಷಿಪಣಿಗಳನ್ನು ಪೆಟ್ಟಿಗೆಯಲ್ಲಿಯೇ ಬಿಡುತ್ತಾನೆ. ರೆಕ್ಕೆಗೆ ಕೆಂಪು, ಮೂತಿಗೆ ಹಳದಿ. ಅಳತೆಗೆ ನಿಷ್ಠವಾದುದನ್ನು ಕೆಡಿಸಿ, ವಿಮಾನವನ್ನೇ ಸರಿಯಾಗಿ ಹೋಲದಿದ್ದ ಆಟಿಕೆಯಂತೆ ಮಾಡುವುದು ಅಸತ್ಯವಾಗುವುದಿಲ್ಲವೇ?

ಜೈನ ತತ್ತ್ವಶಾಸ್ತ್ರದ ನಿಕ್ಷೇಪ ವಿಚಾರವು ಇಲ್ಲಿ ಸಹಾಯಕ್ಕೆ ಬರುತ್ತದೆ. ನಾಮ, ಸ್ಥಾಪನೆ, ದ್ರವ್ಯ, ಭಾವ ಎಂಬ ನಾಲ್ಕರಲ್ಲಿ ಸ್ಥಾಪನೆಯೆಂದರೆ ಒಂದರಲ್ಲಿ ಮತ್ತೊಂದನ್ನು ಇದು ಅದೇ ಎಂದು ಭಾವಿಸಿ ನೆಲೆಗೊಳಿಸುವುದು. ರೂಪಸಾದೃಶ್ಯವಿರುವುದು ತದಾಕಾರ, ಇಲ್ಲದಿರುವುದು ಅತದಾಕಾರ. ಚದುರಂಗದ ಕಾಯಿಯನ್ನು ಆನೆಯೆಂದರೆ ಯಾರೂ ಸುಳ್ಳೆನ್ನುವುದಿಲ್ಲ. ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆಯ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಪೂಜೆಗೊಳ್ಳುವ ಎತ್ತುಗಳ ಕೊಂಬಿನ ಅಳತೆಯನ್ನು ಯಾರೂ ತೆಗೆಯುವುದಿಲ್ಲ. ಆದುದರಿಂದ ಸ್ಥಾಪನೆಯ ಸತ್ಯವು ಅಳತೆಯೊಂದನ್ನೇ ಅವಲಂಬಿಸಿಲ್ಲ. ಯಾವುದನ್ನು ಯಾವುದೆಂದು ನೆಲೆಗೊಳಿಸಲಾಗಿದೆ ಎಂಬುದನ್ನು ಅವಲಂಬಿಸಿದೆ. ಆ ಗೃಹಸ್ಥನು ಅದನ್ನು ಹಳೆಯ ಆಟಿಕೆಯೆಂದು ನಂಬಿಸಿ ಮಾರಿದರೆ ಅಸತ್ಯ, ಇಲ್ಲವಾದರೆ ಅಲ್ಲ.

ಹಾಗಾದರೆ ಇದು ನೀತಿಗೆ ಸಂಬಂಧಿಸದ ಬರಿಯ ವಿನೋದವೇ? ಹಾಗೆನ್ನಲಾಗದು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು ಮಾತ್ರ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಅನೇಕ ಜನ್ಮಗಳಲ್ಲಿ ತೊಳಲಬೇಕಾಯಿತು. ಪ್ರತಿಕೃತಿಯೆಂಬ ಕಾರಣದಿಂದ ಭಾವವು ಹಗುರವಾಗುವುದಿಲ್ಲವೆಂಬುದೇ ಅದರ ತಾತ್ಪರ್ಯ. ಕ್ಷಿಪಣಿಗಳನ್ನು ಕೈಬಿಟ್ಟದ್ದಕ್ಕೂ ಇದು ಅನ್ವಯಿಸುತ್ತದೆ. ಆಟಿಕೆಯಲ್ಲಿ ಅವು ಇರಲಿಲ್ಲವೆಂದು ಬಿಟ್ಟರೆ ಅದು ಕೇವಲ ಸಾದೃಶ್ಯ. ಕೊಲ್ಲುವ ಉಪಕರಣದಲ್ಲಿ ಮನಸ್ಸು ರಮಿಸಬಾರದೆಂದು ಬಿಟ್ಟರೆ ಅದು ಅಹಿಂಸೆಯ ಅಭ್ಯಾಸ. ನೋಡುವವರಿಗೆ ಎರಡೂ ಒಂದೇ. ಮಾಡುವವನಿಗೆ ಬೇರೆ ಬೇರೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಪರಿಗ್ರಹದ್ದು. ತತ್ತ್ವಾರ್ಥಸೂತ್ರಕಾರರು ವಸ್ತುಗಳ ಸಂಖ್ಯೆಯನ್ನು ಎಣಿಸದೆ, ಅವುಗಳಲ್ಲಿನ ಮೂರ್ಛೆಯನ್ನೇ ಪರಿಗ್ರಹವೆಂದರು. ಕಳೆದುಹೋದ ಕಾಲದ ಮೇಲಿನ ಮೋಹವೂ ಮೂರ್ಛೆಯೇ. ಅದಕ್ಕೆ ಬೆಲೆ ಕಟ್ಟಲಾಗದ್ದರಿಂದ ಅದು ನಿರ್ದೋಷವೆಂದು ತೋರುತ್ತದೆ. ಹಾಗೆ ತೋರುವುದರಿಂದಲೇ ಆಳವಾಗಿ ಬೇರೂರುತ್ತದೆ. ಸಿದ್ಧವಾದ ವಿಮಾನವು ಗಾಜಿನ ಕಪಾಟನ್ನು ಸೇರಿ, ಮನೆಗೆ ಬಂದ ಮಗು ಕೈಚಾಚಿದಾಗ ಮುರಿದೀತೆಂಬ ಭಯವೇ ಮೊದಲು ಹುಟ್ಟಿದರೆ, ಆತನ ಶ್ರಮವೆಲ್ಲ ಬಣ್ಣದ ಹೋಲಿಕೆಯಲ್ಲಿಯೇ ನಿಂತಿತು. ಜಾತ್ರೆಯಿಂದ ಬಂದ ವಿಮಾನವು ನೆಲಕ್ಕೆ ಬಿದ್ದು ನೆಗ್ಗಿತ್ತು, ಗೆಳೆಯರ ಕೈಗೂ ಹೋಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಒಬ್ಬರು ಮತ್ತೊಬ್ಬರಿಗೆ ಪ್ರೀತಿಯಿಂದ ಕೊಟ್ಟಿದ್ದರು.

ಗೃಹಸ್ಥನಿಗೆ ನೆನಪನ್ನು ತ್ಯಜಿಸಬೇಕೆಂಬ ವಿಧಿಯಿಲ್ಲ. ತಂದೆಯ ಉಪಕಾರವನ್ನು ಸ್ಮರಿಸುವುದು ಕೃತಜ್ಞತೆ. ಆದರೆ ಕೊಡಿಸಿದವನ ಸ್ಮರಣೆಗಾಗಿ ಮಾಡಿದುದನ್ನು ಕೊಡಲಾರದೆ ಹಿಡಿದಿಡುವುದು ಆ ಸ್ಮರಣೆಗೇ ವಿರುದ್ಧ. ಮುಂದೊಂದು ದಿನ ಆ ಕೆಂಪು ರೆಕ್ಕೆಯ ವಿಮಾನವನ್ನು ಮಗುವಿನ ಕೈಗಿತ್ತು, ಅದು ಮುರಿದರೂ ಮನಸ್ಸು ಕಲಕದಂತೆ ಇರಬಲ್ಲವನಾದರೆ, ಆ ಆಟಿಕೆಯ ನಿಜವಾದ ಪ್ರತಿಕೃತಿಯನ್ನು ಆತನು ಮಾಡಿದಂತಾಯಿತು.