ಬಣ್ಣದ ಮರವೂ ಸತ್ಯವೂ
ಕುಡತಿನಿಯ ಮನೆಯೊಂದರ ಕಬ್ಬಿಣದ ಬಾಗಿಲಿಗೆ ತೇಗದ ಬಣ್ಣ ಬಳಿದರೆ ಅದು ಸುಳ್ಳಾಗುವುದೋ?

ಬಣ್ಣಗಾರನು ಹಳದಿಯ ಲೇಪವೊಣಗಿದ ಮೇಲೆ ತೆಳುವಾಗಿ ಕಂದುಬಣ್ಣವನ್ನು ಹಚ್ಚಿ, ಹಸಿಯಿರುವಾಗಲೇ ಬಾಚಣಿಗೆಯನ್ನೆಳೆದು ಮರದ ಎಳೆಗಳನ್ನು ಮೂಡಿಸುವನು, ಕಡೆಗೆ ವಾರ್ನಿಷು. 1930ರ ದಶಕದ ಅನೇಕ ಮೋಟಾರುಗಾಡಿಗಳ ಒಳಗಣ ಉಕ್ಕಿಗೂ ಇಂತಹ ವೇಷವಿದ್ದಿತು.

ಹಂಪೆಯಲ್ಲಿರುವ 16ನೆಯ ಶತಮಾನದ ಕಲ್ಲಿನ ರಥವೂ ಮರದ ತೇರನ್ನೇ ಅನುಕರಿಸಿದೆ. ಅದನ್ನಾರೂ ವಂಚನೆಯೆನ್ನರು; ಕಲ್ಲು ಕಲ್ಲಾಗಿಯೇ ಕಾಣುವುದಷ್ಟೆ. ಬಾಗಿಲಾದರೋ ತನ್ನ ಕಬ್ಬಿಣವನ್ನು ಮರೆಸುವುದು.

ಆದರೂ ದೋಷವು ಕುಂಚದ್ದಲ್ಲ, ನಾಲಗೆಯದು. ಮನೆಯನ್ನು ಮಾರುವವನು ‘ಇದು ತೇಗ’ವೆಂದು ತೇಗದ ಬೆಲೆಯನ್ನು ಪಡೆದರೆ, ಕೊಳ್ಳುವವನಿಗೆ ಹಣವೂ ಬಣ್ಣಗಾರನಿಗೆ ಹೆಸರೂ ನಷ್ಟವಾಗುವುವು. ‘ಇದು ಕಬ್ಬಿಣ, ಬಣ್ಣಗಾರನ ಕೈಚಳಕ’ವೆಂದು ಯಜಮಾನನು ನುಡಿದರೆ ಬಾಗಿಲಿನ ಚೆಲುವೂ ಉಳಿಯುವುದು, ಮನೆಯ ಮಾನವೂ ಉಳಿಯುವುದು.