ಕೈತೋಟದ ಹುಳುವೂ ಗೃಹಸ್ಥನ ಅಹಿಂಸೆಯೂ

ಮನೆಯ ಹಿತ್ತಿಲಲ್ಲಿ ನಾಲ್ಕು ಬದನೆ ಗಿಡ, ಒಂದು ಅವರೆಯ ಚಪ್ಪರ, ನಿಂಬೆ, ಕರಿಬೇವುಗಳನ್ನು ಬೆಳೆಸುವ ಗೃಹಸ್ಥನು ಅಂಗಡಿಯ ಘೋರವಿಷಗಳನ್ನು ತ್ಯಜಿಸಿ ಬೇವಿನ ಕಷಾಯವನ್ನೋ ಒಲೆಯ ಬೂದಿಯನ್ನೋ ಆಶ್ರಯಿಸಿದಾಗ, ತಾನು ಹಿಂಸೆಯಿಂದ ಪಾರಾದೆನೆಂಬ ನೆಮ್ಮದಿ ಅವನಲ್ಲಿ ಉಂಟಾಗುವುದು ಸಹಜ. ಆ ನೆಮ್ಮದಿಗೆ ಆಧಾರವುಂಟೆ? ಮಣ್ಣಿಗೂ ನೀರಿಗೂ ಉಣ್ಣುವವರ ದೇಹಕ್ಕೂ ಕಷಾಯವೇ ಹಿತವೆಂಬುದರಲ್ಲಿ ಸಂದೇಹವಿಲ್ಲ. ಎಲೆಯ ಮೇಲಿರುವ ಹುಳುವಿನ ಕಡೆಯಿಂದ ನೋಡಿದರೆ ಮಾತ್ರ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಆತ್ಮವಂಚನೆ ಮಾಡಿಕೊಂಡವರಲ್ಲ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಇವೈದನ್ನೂ ಮನುಸ್ಮೃತಿಯು ಗೃಹಸ್ಥನ ಮನೆಯೊಳಗಿನ ವಧಾಸ್ಥಾನಗಳೆಂದೇ ಎಣಿಸಿತು. ನೇಗಿಲು ಹೂಡಿದವನೂ ನೆಲದೊಳಗಿನ ಅಸಂಖ್ಯ ಜೀವಿಗಳನ್ನು ಕೊಲ್ಲುವನೆಂದು ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನು ಕೌಶಿಕನೆಂಬ ಬ್ರಾಹ್ಮಣನಿಗೆ ತಿಳಿಯಹೇಳಿದನು. ಜೈನಾಚಾರ್ಯರ ವಿವೇಚನೆ ಇನ್ನೂ ಸೂಕ್ಷ್ಮವಾದುದು: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯಾದ ಗೃಹಸ್ಥ ಶ್ರಾವಕನಿಗೆ ನಿಷೇಧಿಸಿ, ಗೃಹಕೃತ್ಯ, ಜೀವನೋಪಾಯ, ಆತ್ಮರಕ್ಷಣೆಗಳಲ್ಲಿ ಅನಿವಾರ್ಯವಾಗಿ ಒದಗುವ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಆದಷ್ಟು ಕುಗ್ಗಿಸಿಕೊಳ್ಳಬೇಕೆಂದು ಅವರು ವಿಧಿಸಿದರು. ಬೆಳೆ ಹೋದರೆ ಉಪವಾಸ ಬೀಳುವ ರೈತನು ಉದ್ಯೋಗೀ ಹಿಂಸೆಯ ಮರೆಯಲ್ಲಿ ನಿಲ್ಲಬಹುದು; ಸಂತೆಯಲ್ಲಿ ಬದನೆಯನ್ನು ಕೊಳ್ಳಬಲ್ಲವನಿಗೆ ಅಷ್ಟು ವಿಶಾಲವಾದ ಮರೆಯಿಲ್ಲ. ಆದರೆ ಕೊಂಡುತಂದ ಬದನೆಯೂ ನಿರ್ದೋಷವೆನ್ನುವಂತಿಲ್ಲ. ಅದಕ್ಕಾಗಿ ಮತ್ತೊಬ್ಬನು ಸಿಂಪಡಿಸಿದ ವಿಷದಲ್ಲಿ ಕೊಂಡವನ ಪಾಲೂ ಇರುತ್ತದೆ, ಏಕೆಂದರೆ ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದುದಕ್ಕೆ ಸಮ್ಮತಿಸಿದ್ದು ಈ ಮೂರನ್ನೂ, ಕೃತ, ಕಾರಿತ, ಅನುಮೋದಿತವೆಂದು, ಜೈನಶಾಸ್ತ್ರವು ಕರ್ಮದ ಲೆಕ್ಕಕ್ಕೆ ಹಿಡಿಯುತ್ತದೆ.

ಇನ್ನು ಬೇವು. ಐವತ್ತು ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಲೆಂದು ತುಸು ಸಾಬೂನು ಕದಡಿ, ಬಿಸಿಲಿನಲ್ಲಿ ಸತ್ತ್ವ ಕೆಡುವುದರಿಂದ ಸಂಜೆಯ ಹೊತ್ತು ಸಿಂಪಡಿಸುವ ಪದ್ಧತಿ ಎಲ್ಲರಿಗೂ ತಿಳಿದುದೇ. ಅದರೊಳಗಿನ ಅಜಾಡಿರಕ್ಟಿನ್ ಎಂಬ ದ್ರವ್ಯವು ಮೊದಲು ಹುಳುವಿಗೆ ಎಲೆಯ ರುಚಿಯನ್ನು ಕೆಡಿಸುತ್ತದೆ. ಬೇರೆಡೆಗೆ ಹೋಗಬಲ್ಲ ಕೀಟವು ಹೋಗಿ ಬದುಕೀತು. ಇಷ್ಟರ ಮಟ್ಟಿಗೆ ಅದು ನಿವಾರಣೆಯೇ ಹೊರತು ವಧೆಯಲ್ಲ. ಹೋಗಲಾರದೆ ಅದನ್ನೇ ತಿಂದ ಮರಿಹುಳುವಾದರೋ ಪೊರೆ ಕಳಚಲಾರದೆ ಕೆಲವು ದಿನಗಳವರೆಗೆ ನವೆದು ಸಾಯುತ್ತದೆ. ಆ ಸಾವು ಬೆರಳಿನಿಂದ ಹೊಸಕಿದಾಗ ಬರುವ ಸಾವಿಗಿಂತ ಮೃದುವೆಂದು ಹೇಳಲು ನನಗೆ ಧೈರ್ಯವಿಲ್ಲ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲವೆಂಬುದೊಂದೇ ವ್ಯತ್ಯಾಸ. ಕಣ್ಣಿಗೆ ಬೀಳದುದನ್ನು ಕರುಣೆಯೆಂದು ಭಾವಿಸುವುದು ಧರ್ಮವಿಚಾರದಲ್ಲಿ ಸಲ್ಲದು.

ಸಿಂಪಡಣೆಯಿಲ್ಲದ ದಾರಿಯೂ ಒಂದುಂಟು. ಅವರೆಯ ಕುಡಿಗೆ ಕಪ್ಪಾಗಿ ಮುತ್ತುವ ಹೇನನ್ನು ಗುಲಗಂಜಿ ಹುಳು ತಿನ್ನುತ್ತದೆ. ಹೇನು ಗಂಡಿನ ಸಂಗವಿಲ್ಲದೆಯೇ ಮರಿಹಾಕಿ ಬಹುಬೇಗ ಹೆಚ್ಚುವುದರಿಂದಲೂ, ತಿನ್ನುವ ಹುಳು ನಿಧಾನವಾಗಿ ಬೆಳೆಯುವುದರಿಂದಲೂ, ಎರಡನ್ನೂ ಒಟ್ಟಿಗೆ ಕೊಲ್ಲುವ ವಿಷವನ್ನು ಹಾಕಿದ ತೋಟದಲ್ಲಿ ಮೊದಲು ಮರಳುವುದು ಹೇನೇ. ಗುಲಗಂಜಿ ಹುಳುಗಳನ್ನು ಎಲ್ಲಿಂದಲೋ ತರಿಸಿ ಬಿಟ್ಟವನು ಕಾರಿತದ ಭಾರವನ್ನು ಹೊರಬೇಕಾದೀತು. ತಾನಾಗಿ ಬಂದುದನ್ನು ಓಡಿಸದೆ ಸುಮ್ಮನಿದ್ದವನ ಸ್ಥಿತಿ ಬೇರೆ. ಜೀವವು ಜೀವವನ್ನು ಉಂಡು ಬಾಳುವ ಏರ್ಪಾಡು ಅವನಿಂದ ಹುಟ್ಟಿದುದಲ್ಲ, ಆ ಏರ್ಪಾಡಿನ ನಡುವೆ ಅವನು ಕೈಯಿಕ್ಕಲಿಲ್ಲ, ಅಷ್ಟೆ. ಈ ಸುಮ್ಮನಿರುವಿಕೆಯೇ ಕೈತೋಟದಲ್ಲಿ ಅಹಿಂಸೆಗೆ ಅತ್ಯಂತ ಸಮೀಪವಾದ ಉಪಾಯವೆಂದು ನನ್ನ ದೃಢವಾದ ಅಭಿಪ್ರಾಯ.

ಮೇಲೆ ಹೇಳಿದ ಐದು ವಧಾಸ್ಥಾನಗಳ ದೋಷಕ್ಕೆ, ಎಂದರೆ ಪಂಚಸೂನಾದೋಷಕ್ಕೆ, ಪರಿಹಾರವಾಗಿ ಹೇಳಿದ ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು; ನಾಯಿಗೂ ಕಾಗೆಗೂ ಇಡುವ ಅನ್ನದಲ್ಲಿ ಕ್ರಿಮಿಗೂ ಭಾಗವುಂಟು. ಚಿಟ್ಟೆಯು ನಿಂಬೆಯ ಚಿಗುರಿನಲ್ಲಿಟ್ಟ ಮೊಟ್ಟೆಯೊಡೆದು ಬಂದ ಹಸುರು ಹುಳುಗಳನ್ನು ಎತ್ತಿ, ಬೇಲಿಯ ಬದಿಗೆ ಅವುಗಳಿಗೆಂದೇ ಬಿಟ್ಟ ಕರಿಬೇವಿನ ಗಿಡದ ಮೇಲಿಡುವ ಮನೆಗಳುಂಟು. ಅದು ಭೂತಯಜ್ಞವೇ ಸರಿ. ಎಲೆ ತಿನ್ನುವ ಹುಳುಗಳನ್ನು ಸೆಳೆಯಲೆಂದು ಬದುವಿನಲ್ಲಿ ಹರಳು ಗಿಡ ನೆಟ್ಟು, ಅಲ್ಲಿ ಕೂಡಿದ ಮೊಟ್ಟೆಗಳನ್ನು ಎಲೆಸಮೇತ ಸುಡುವುದು ನೋಟಕ್ಕೆ ಅದರಂತೆಯೇ ಇದ್ದರೂ, ಉಣಬಡಿಸುವ ನೆಪದಲ್ಲಿ ಒಡ್ಡಿದ ಬಲೆ. ಇದು ಮಾಡಲೇಬಾರದ ಕೆಲಸವೆಂದು ನಾನು ಹೇಳುವುದಿಲ್ಲ, ವಿಷಕ್ಕಿಂತ ಎಷ್ಟೋ ಮೇಲು. ದಾನವೆಂದು ಮಾತ್ರ ಕರೆಯಬಾರದು.

ಕೊನೆಗೂ ಬದನೆಯ ಕುಡಿಕೊರಕವಿದೆ. ಕುಡಿ ಬಾಡಿ ಜೋತುಬಿದ್ದಿತೆಂದರೆ ಹುಳು ಒಳಹೊಕ್ಕಿತೆಂದೇ ಅರ್ಥ. ಅಲ್ಲಿಗೆ ಕಷಾಯವೂ ತಲಪದು, ಗುಲಗಂಜಿಯೂ ಬಾರದು. ಆ ಕುಡಿಯನ್ನು ಹುಳುಸಮೇತ ಚಿವುಟಿ ನಾಶಮಾಡಬೇಕು, ಇಲ್ಲವೆ ಬದನೆಯ ಆಸೆ ಬಿಡಬೇಕು. ಚಿವುಟುವವನು ಆ ಕೆಲಸವನ್ನು ಆಳಿಗೆ ಒಪ್ಪಿಸದೆ ತಾನೇ ಮಾಡಲಿ, ಬಾಡಿದ ಕುಡಿಯನ್ನಲ್ಲದೆ ಬೇರೊಂದನ್ನು ಮುಟ್ಟದಿರಲಿ. ಮುಂದಿನ ವರ್ಷ ಆ ಮಡಿಯಲ್ಲಿ ಬದನೆಯ ಬದಲು ಬೆಂಡೆಯನ್ನೋ ದಂಟನ್ನೋ ಬಿತ್ತಲಿ, ಬದನೆಯ ಜಾತಿಯನ್ನೇ ಅರಸಿ ಬರುವ ಆ ಹುಳುವಿಗೆ ಅಲ್ಲಿ ಆಹಾರವಿರುವುದಿಲ್ಲವಾದ ಕಾರಣ ಕೊಲ್ಲುವ ಪ್ರಸಂಗವೂ ಒದಗದು.